ಟೈಮ್ ಸ್ಟ್ರೆಚ್ ಮಾಡಿದಾಗ ದನಿ ಯಾಕೆ ಕೆಡುತ್ತದೆ?

ವಾಟ್ಸಾಪ್‌ನಲ್ಲಿ ಬಂದ ಉದ್ದನೆಯ ವಾಯ್ಸ್ ಮೆಸೇಜನ್ನು ಎರಡು ಪಟ್ಟು ವೇಗದಲ್ಲಿ ಕೇಳುವುದು ಈಗ ಎಲ್ಲರಿಗೂ ರೂಢಿ. ಮಾತು ಓಡುತ್ತದೆ, ಆದರೆ ಚಿಕ್ಕಮ್ಮನ ದನಿ ಚಿಕ್ಕಮ್ಮನದ್ದೇ ಆಗಿರುತ್ತದೆ. ಕ್ಯಾಸೆಟ್ ಕಾಲದಲ್ಲಿ ಹೀಗಿರಲಿಲ್ಲ. ಟೇಪು ಜೋರಾಗಿ ಓಡಿದರೆ ದನಿ ಕೀರಲಾಗುತ್ತಿತ್ತು. ಬ್ಯಾಟರಿ ಇಳಿದರೆ ಹಾಡು ನಿಧಾನವಾಗುತ್ತಿತ್ತು, ಜೊತೆಗೆ ಶ್ರುತಿಯೂ ಕುಸಿಯುತ್ತಿತ್ತು. ಶ್ರುತಿ ಮುಟ್ಟದೆ ವೇಗವನ್ನಷ್ಟೇ ಬದಲಿಸುವ ಕೆಲಸವೇ ಟೈಮ್ ಸ್ಟ್ರೆಚಿಂಗ್.

ಫೋನಿನಲ್ಲಿ ಒಂದು ಬಟನ್ ಒತ್ತಿದರೆ ಮುಗಿಯುವ ಇದನ್ನು ಕಂಪ್ಯೂಟರಿನಲ್ಲಿ ದನಿ ಎಡಿಟ್ ಮಾಡುವ ಆಡಾಸಿಟಿ, ರೀಪರ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಮಾಡಲು ಹೋದಾಗ ತಲೆನೋವು ಶುರುವಾಗುತ್ತದೆ. ಭರತನಾಟ್ಯದ ಅಭ್ಯಾಸಕ್ಕೆಂದು ಹಾಡನ್ನು ನಿಧಾನ ಮಾಡಿದರೆ ಮೃದಂಗದ ಪೆಟ್ಟು ಎರಡೆರಡು ಸಲ ಕೇಳುತ್ತದೆ. ವಾಯ್ಸ್ ಓವರ್ ಸ್ವಲ್ಪ ಉದ್ದ ಮಾಡಿದರೆ ಯಾರೋ ಬಚ್ಚಲಮನೆಯಲ್ಲಿ ನಿಂತು ಮಾತಾಡಿದ ಹಾಗಾಗುತ್ತದೆ. ಆಗ ಹೆಚ್ಚಿನವರು ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಿಸುತ್ತಾ ಕೂರುತ್ತಾರೆ. ಅದಕ್ಕೂ ಮೊದಲು ಒಂದೇ ಒಂದು ವಿಷಯ ಗಮನಿಸಿ: ಶ್ರುತಿ ಬದಲಾಗಿದೆಯೇ, ಇಲ್ಲವೇ?

ಶ್ರುತಿ ಬದಲಾಗಿದ್ದರೆ ಅಲ್ಲಿ ಟೈಮ್ ಸ್ಟ್ರೆಚ್ ನಡೆದೇ ಇಲ್ಲ. ಎಲ್ಲೋ ಒಂದು ಲೆಕ್ಕ ಅಥವಾ ಟಿಕ್ ಮಾರ್ಕ್ ತಪ್ಪಿದೆ. ಶ್ರುತಿ ಸರಿಯಿದ್ದು ದನಿಯ ಗುಣ ಕೆಟ್ಟಿದ್ದರೆ, ಸ್ಟ್ರೆಚ್ ನಡೆದಿದೆ, ಆದರೆ ಸಾಫ್ಟ್‌ವೇರ್ ನಿಮ್ಮ ದನಿಯನ್ನು ತಪ್ಪಾಗಿ ಊಹಿಸಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ರೋಗ ಜಾಸ್ತಿಯಾಗುತ್ತದೆ ಅಷ್ಟೇ.

ಶ್ರುತಿಯೇ ಬದಲಾಗಿದ್ದರೆ

ಡಿಜಿಟಲ್ ದನಿ ಎಂದರೆ ಸೆಕೆಂಡಿಗೆ ಇಷ್ಟು ಎಂದು ಅಳೆದು ಬರೆದಿಟ್ಟ ಅಂಕಿಗಳ ಸಾಲು. ಸಿಡಿಯಲ್ಲಿ ಸೆಕೆಂಡಿಗೆ 44,100 ಅಂಕಿ, ವಿಡಿಯೊ ಕೆಲಸದಲ್ಲಿ ಸಾಮಾನ್ಯವಾಗಿ 48,000. ಈ ಸಾಲನ್ನು ಸುಮ್ನೆ ಬೇಗ ಓದಿಸಿದರೆ ಹಾಡು ಬೇಗ ಮುಗಿಯುತ್ತದೆ, ಶ್ರುತಿಯೂ ಏರುತ್ತದೆ. ಎಷ್ಟು ಏರುತ್ತದೆ ಎಂಬುದಕ್ಕೆ ಲೆಕ್ಕ ಇದೆ. ವೇಗ ಎರಡು ಪಟ್ಟಾದರೆ ಒಂದು ಸ್ಥಾಯಿ ಮೇಲೆ. ಸುಮಾರು 6% ಹೆಚ್ಚಾದರೆ ಒಂದು ಸ್ವರಸ್ಥಾನ ಮೇಲೆ, ಅಂದರೆ ಹಾರ್ಮೋನಿಯಂನ ಬಿಳಿ ಒಂದರಲ್ಲಿ ಹಾಡಿದ್ದು ಕಪ್ಪು ಒಂದಕ್ಕೆ ಹೋಗುತ್ತದೆ. ಹಾರ್ಮೋನಿಯಂ ಪಕ್ಕದಲ್ಲಿದ್ದರೆ ತಪ್ಪು ಎಷ್ಟು ಶೇಕಡದ್ದು ಎಂದು ಕಿವಿಯಲ್ಲೇ ಅಂದಾಜು ಮಾಡಬಹುದು.

ಈ ತಪ್ಪಿನ ಮೊದಲ ಕಾರಣ ತೀರಾ ಸಾದಾ. ಆಡಾಸಿಟಿಯ ಎಫೆಕ್ಟ್ ಮೆನುವಿನಲ್ಲಿ ಮೂರು ಹೆಸರು ಅಕ್ಕಪಕ್ಕ ಇವೆ: ಚೇಂಜ್ ಟೆಂಪೊ, ಚೇಂಜ್ ಪಿಚ್, ಚೇಂಜ್ ಸ್ಪೀಡ್ ಆ್ಯಂಡ್ ಪಿಚ್. ಮೊದಲನೆಯದು ವೇಗ ಮಾತ್ರ ಬದಲಿಸುತ್ತದೆ, ಎರಡನೆಯದು ಶ್ರುತಿ ಮಾತ್ರ, ಮೂರನೆಯದು ಕ್ಯಾಸೆಟ್ಟಿನಂತೆ ಎರಡನ್ನೂ. ಕೈ ತಪ್ಪಿ ಮೂರನೆಯದನ್ನು ಒತ್ತಿದವರೇ ಜಾಸ್ತಿ. ರೀಪರ್‌ನಲ್ಲಿ ಐಟಂ ಪ್ರಾಪರ್ಟೀಸ್ ತೆರೆದರೆ ‘ಪ್ರಿಸರ್ವ್ ಪಿಚ್’ ಎಂದು ಶುರುವಾಗುವ ಟಿಕ್ ಇದೆ. ಅದು ಇಲ್ಲದಿದ್ದರೆ ಶ್ರುತಿ ಉಳಿಯುವುದಿಲ್ಲ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಏಬಲ್ಟನ್ ಲೈವ್‌ನಲ್ಲಿ ವಾರ್ಪ್ ಮೋಡ್ (ದನಿಯನ್ನು ಹೇಗೆ ಎಳೆಯಬೇಕು ಎಂಬ ಆಯ್ಕೆ) ‘ರೀ-ಪಿಚ್’ನಲ್ಲಿದ್ದರೂ, ಪ್ರೊ ಟೂಲ್ಸ್‌ನಲ್ಲಿ ‘ವ್ಯಾರಿಸ್ಪೀಡ್’ನಲ್ಲಿದ್ದರೂ ಇದೇ ಕಥೆ.

ಎರಡನೇ ಕಾರಣ ಸ್ವಲ್ಪ ಕಳ್ಳ. 48,000ದಲ್ಲಿ ರೆಕಾರ್ಡ್ ಆದ ದನಿಯನ್ನು ಯಾವುದೋ ಒಂದು ಹಂತದಲ್ಲಿ 44,100 ಎಂದು ತಿಳಿದು ಓದಿಬಿಡುವುದು. ಆಗ 10 ನಿಮಿಷದ ಮಾತು 10 ನಿಮಿಷ 53 ಸೆಕೆಂಡ್ ಆಗುತ್ತದೆ, ದನಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿದು ಸ್ವಲ್ಪ ನಿದ್ದೆಗಣ್ಣಲ್ಲಿ ಮಾತಾಡಿದ ಹಾಗಿರುತ್ತದೆ. ಉದ್ದ ಸುಮಾರು 8.8% ಹೆಚ್ಚಾಗಿದ್ದರೆ, ಅಥವಾ ತಿರುಗಾಮುರುಗಾ ಆಗಿ 8.1% ಕಡಿಮೆಯಾಗಿದ್ದರೆ, ಬೇರೆ ಏನನ್ನೂ ಹುಡುಕಬೇಡಿ. ಇದನ್ನು ಸ್ಟ್ರೆಚ್ ಮಾಡಿ ಸರಿಪಡಿಸಲು ಹೋಗಲೂಬೇಡಿ. ಆಡಾಸಿಟಿಯಲ್ಲಿ ಆಯಾ ಟ್ರ್ಯಾಕ್‌ನ ಮೆನುವಿನಲ್ಲಿ ‘ರೇಟ್’ ಇದೆ, ಅಲ್ಲಿ ಸರಿಯಾದ ಅಂಕಿ ಕೊಟ್ಟರೆ ಒಂದು ಅಂಕಿಯೂ ಕೆಡದೆ ದನಿ ವಾಪಸ್ ಬರುತ್ತದೆ. ಟ್ರ್ಯಾಕ್ಸ್ ಮೆನುವಿನ ‘ರೀಸ್ಯಾಂಪಲ್’ ಬೇರೆ ಕೆಲಸ. ಅದು ತಪ್ಪನ್ನು ಹಾಗೆಯೇ ಉಳಿಸಿಕೊಂಡು ಹೊಸ ಅಂಕಿಗಳನ್ನು ಬರೆಯುತ್ತದೆ.

ಸಿನಿಮಾ ಕೆಲಸದಲ್ಲಿರುವವರಿಗೆ ಇನ್ನೊಂದು ಸಂಖ್ಯೆ ಪರಿಚಯ ಇರಬಹುದು. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸಿದರೆ ಎಲ್ಲವೂ 4.17% ಬೇಗ ನಡೆಯುತ್ತದೆ, ಶ್ರುತಿ ಮುಕ್ಕಾಲು ಸ್ವರಸ್ಥಾನದ ಹತ್ತಿರ ಏರುತ್ತದೆ. ಎರಡೂ ಒಟ್ಟಿಗೆ ಏರಿದ್ದರೆ ಎರಡನ್ನೂ ಒಟ್ಟಿಗೇ ಇಳಿಸಬೇಕು. ಇಲ್ಲೂ ಟೈಮ್ ಸ್ಟ್ರೆಚ್ ಬೇಡ.

ಶೇಕಡದ ಲೆಕ್ಕ

ಹಾಡನ್ನು 25% ವೇಗ ಮಾಡಿದಿರಿ. ಬೇಡ ಅನಿಸಿತು, 25% ಕಡಿಮೆ ಮಾಡಿದಿರಿ. ಮೊದಲಿನ ಉದ್ದ ಬರುವುದಿಲ್ಲ! ವೇಗ 25% ಏರಿದಾಗ ಉದ್ದ 80%ಕ್ಕೆ ಇಳಿಯುತ್ತದೆ. ಅಲ್ಲಿಂದ ವಾಪಸ್ ಬರಲು ಇಳಿಸಬೇಕಾದದ್ದು 20% ಮಾತ್ರ. ಹಾಗೆಯೇ ಎರಡು ಪಟ್ಟು ಉದ್ದ ಬೇಕೆಂದರೆ ಮೈನಸ್ 100 ಅಲ್ಲ, ಮೈನಸ್ 50. ವೇಗವೂ ಉದ್ದವೂ ಒಂದಕ್ಕೊಂದು ತಲೆಕೆಳಗು, ಅದಕ್ಕೇ ಈ ಗೊಂದಲ. ಚೇಂಜ್ ಟೆಂಪೊದಲ್ಲಿ ಶೇಕಡದ ಜೊತೆಗೆ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಮತ್ತು ಸೆಕೆಂಡುಗಳನ್ನು ಕೊಡುವ ಜಾಗವೂ ಇದೆ. 4 ನಿಮಿಷದ್ದು 5 ನಿಮಿಷ ಆಗಬೇಕೇ? 300 ಸೆಕೆಂಡ್ ಎಂದು ಬರೆಯಿರಿ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಮತ್ತೆ, ವಾಪಸ್ ಬರಬೇಕಾದರೆ ‘ಅನ್‌ಡೂ’ ಮಾಡಿ. ಎಳೆದದ್ದನ್ನು ಕುಗ್ಗಿಸಿದರೆ ಉದ್ದ ಸಿಗಬಹುದು, ಹಳೆಯ ದನಿ ಸಿಗುವುದಿಲ್ಲ.

ಆಡಾಸಿಟಿಯ 3.4ನೇ ಆವೃತ್ತಿ 2023ರಲ್ಲಿ ಬಂದಾಗಿನಿಂದ ಇನ್ನೊಂದು ದಾರಿ ಇದೆ. ಆಲ್ಟ್ ಒತ್ತಿ ಹಿಡಿದು ಕ್ಲಿಪ್‌ನ ಅಂಚು ಎಳೆದರೆ ಸಾಕು, ಮೂಲ ದನಿ ಒಳಗೆ ಹಾಗೆಯೇ ಇರುತ್ತದೆ. ಆಲ್ಟ್ ಒತ್ತದೆ ಎಳೆದರೆ ಕ್ಲಿಪ್ ಟ್ರಿಮ್ ಆಗುತ್ತದೆ, ಸ್ಟ್ರೆಚ್ ಆಗುವುದಿಲ್ಲ. ಮ್ಯಾಕ್‌ನಲ್ಲಿ ಆಲ್ಟ್ ಬದಲು ಆಪ್ಷನ್ ಕೀ. ಲಿನಕ್ಸ್‌ನ ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಆಲ್ಟ್ ಹಿಡಿದು ಎಳೆದರೆ ಕ್ಲಿಪ್ ಬದಲು ಇಡೀ ವಿಂಡೋವೇ ಸರಿಯುತ್ತದೆ. ಅದು ಆಡಾಸಿಟಿಯ ದೋಷ ಅಲ್ಲ, ಡೆಸ್ಕ್‌ಟಾಪ್ ಸೆಟ್ಟಿಂಗ್‌ನಲ್ಲಿ ಆ ಕೀಲಿಯನ್ನು ಬದಲಿಸಬೇಕು.

‘ನಾನು ಏನೂ ಮಾಡಲಿಲ್ಲ, ಆದರೂ ದನಿ ಉದ್ದವಾಯಿತು’ ಎನ್ನುವವರೂ ಇದ್ದಾರೆ. ಅವರು ಪ್ರಾಜೆಕ್ಟಿನ ಬಿಪಿಎಂ ಬದಲಿಸಿರುತ್ತಾರೆ. ರೀಪರ್‌ನಲ್ಲಿ ಐಟಂಗಳ ಟೈಮ್‌ಬೇಸ್ ಬೀಟ್‌ಗಳಿಗೆ ಅಂಟಿಕೊಂಡಿದ್ದರೆ, ಟೆಂಪೊ ಬದಲಾದ ಕೂಡಲೇ ರೆಕಾರ್ಡ್ ಮಾಡಿದ ಮಾತೂ ಹಿಗ್ಗುತ್ತದೆ, ಕುಗ್ಗುತ್ತದೆ. ಮಾತು, ಉಪನ್ಯಾಸ, ಪಾಡ್‌ಕಾಸ್ಟ್ ಕೆಲಸಕ್ಕೆ ಟೈಮ್‌ಬೇಸನ್ನು ‘ಟೈಮ್’ ಎಂದು ಇಟ್ಟುಬಿಡಿ. ಏಬಲ್ಟನ್ ಉದ್ದನೆಯ ಫೈಲು ಬಂದ ಕೂಡಲೇ ತಾನೇ ತಾಳ ಹುಡುಕಿ ವಾರ್ಪ್ ಮಾಡಬಲ್ಲದು. ತಾಳವೇ ಇಲ್ಲದ ಆಲಾಪನೆಯಲ್ಲೂ ಅದು ಒಂದು ತಾಳ ಕಂಡುಹಿಡಿದು, ಹಾಡುಗಾರರು ತಡೆದು ನಿಂತ ಕಡೆ ನೂಕುತ್ತದೆ, ಓಡಿದ ಕಡೆ ಎಳೆಯುತ್ತದೆ. ‘ಆಟೊ-ವಾರ್ಪ್ ಲಾಂಗ್ ಸ್ಯಾಂಪಲ್ಸ್’ ಎಂಬ ಆಯ್ಕೆಯನ್ನು ಆಫ್ ಮಾಡುವುದು ಒಳ್ಳೆಯದು. ತಾಳ ಇರುವ ಹಾಡಿನಲ್ಲೂ ಇಂಥ ಯಂತ್ರಗಳು 80 ಬಿಪಿಎಂ ಅನ್ನು 160 ಎಂದು ಎಣಿಸುವುದುಂಟು. ಅಲ್ಲೇ ಪಕ್ಕದಲ್ಲಿ ಅರ್ಧ ಮಾಡುವ, ಎರಡು ಪಟ್ಟು ಮಾಡುವ ಬಟನ್‌ಗಳಿವೆ.

ಒಳಗೆ ಏನು ನಡೆಯುತ್ತದೆ?

ಇನ್ನು ಶ್ರುತಿ ಸರಿಯಿದ್ದು ದನಿ ಕೆಟ್ಟ ಪ್ರಕರಣಕ್ಕೆ ಬರೋಣ. ಇಲ್ಲಿ ಒಳಗಿನ ಕೆಲಸ ಗೊತ್ತಿದ್ದರೆ ಕಿವಿಗೆ ಬಿದ್ದ ದೋಷದಿಂದಲೇ ಕಾರಣ ಹೇಳಬಹುದು.

ದನಿಯನ್ನು ಸಣ್ಣ ಸಣ್ಣ ಕಾಳುಗಳಾಗಿ ನೋಡಬಹುದು ಎಂಬ ವಿಚಾರವನ್ನು 1946ರಲ್ಲಿ ಡೆನ್ನಿಸ್ ಗೇಬರ್ ಮುಂದಿಟ್ಟರು. ಮುಂದೆ 1971ರಲ್ಲಿ ಹಾಲೊಗ್ರಫಿಗಾಗಿ ನೊಬೆಲ್ ಪಡೆದವರು ಇವರೇ. ಇಂದಿನ ಸಾಫ್ಟ್‌ವೇರ್‌ಗಳ ಒಂದು ಬಗೆ ಈಗಲೂ ಆ ವಿಚಾರದ ಮೇಲೆಯೇ ನಡೆಯುತ್ತದೆ. ದನಿಯನ್ನು ಹತ್ತಾರು ಮಿಲಿಸೆಕೆಂಡುಗಳ ತುಣುಕುಗಳಾಗಿ ಕತ್ತರಿಸುತ್ತದೆ. ಉದ್ದ ಬೇಕಾದರೆ ಕೆಲವು ತುಣುಕುಗಳನ್ನು ಮತ್ತೊಮ್ಮೆ ಬಳಸುತ್ತದೆ, ಗಿಡ್ಡ ಬೇಕಾದರೆ ಕೆಲವನ್ನು ಬಿಡುತ್ತದೆ. ಅಂಚುಗಳನ್ನು ಒಂದರ ಮೇಲೊಂದು ಹಾಯಿಸಿ ಹೊಲಿಗೆ ಕಾಣದಂತೆ ಮಾಡುತ್ತದೆ. ತುಣುಕಿನ ಒಳಗೆ ಅಲೆ ಬದಲಾಗದ ಕಾರಣ ಶ್ರುತಿ ಉಳಿಯುತ್ತದೆ. ಮಲ್ಲಿಗೆ ಮಾಲೆಯನ್ನು ಉದ್ದ ಮಾಡಬೇಕಾದರೆ ಮಧ್ಯೆ ಇನ್ನಷ್ಟು ಮಲ್ಲಿಗೆ ಪೋಣಿಸಿದರೆ ಯಾರಿಗೂ ತಿಳಿಯುವುದಿಲ್ಲ. ನಡುವೆ ಇದ್ದ ಒಂದೇ ಒಂದು ಗುಲಾಬಿ ಎರಡಾಗಿಬಿಟ್ಟರೆ ಮಾತ್ರ ಎಲ್ಲರಿಗೂ ಕಾಣುತ್ತದೆ, ಅಲ್ವಾ? ಎಳೆದು ಹಾಡಿದ ಸ್ವರ ಮಲ್ಲಿಗೆ. ಚಂಡೆಯ ಪೆಟ್ಟು ಗುಲಾಬಿ.

ಹೊಲಿಗೆ ಹಾಕುವ ಜಾಗ ಮುಖ್ಯ. ಅಲೆಯ ಏರು ಇರುವ ಕಡೆ ಏರನ್ನೇ, ಇಳಿವಿಗೆ ಇಳಿವನ್ನೇ ಸೇರಿಸಬೇಕು. ಇದಕ್ಕಾಗಿ ಸುತ್ತಮುತ್ತ ಹುಡುಕಿ, ಅತಿ ಹೆಚ್ಚು ಹೋಲುವ ತುಣುಕನ್ನು ಆರಿಸುವ ವಿಧಾನವನ್ನು 1993ರಲ್ಲಿ ವೆರ್‌ಹೆಲ್ಸ್ಟ್ ಮತ್ತು ರೂಲಾಂಡ್ಸ್ ಪ್ರಕಟಿಸಿದರು. ಹೆಸರು ಡಬ್ಲ್ಯುಸೋಲಾ. ಆಡಾಸಿಟಿಯ ಚೇಂಜ್ ಟೆಂಪೊ ಬಳಸುವ ಸೌಂಡ್‌ಟಚ್ ಕೂಡ ಇದೇ ಕುಟುಂಬದ್ದು. ಒಬ್ಬರೇ ಮಾತಾಡುವಾಗ ಅಲೆಗಳು ಒಂದೇ ಅಳತೆಯಲ್ಲಿ ಮರುಕಳಿಸುತ್ತವೆ, ಹಾಗಾಗಿ ಹೊಂದುವ ಜಾಗ ಸುಲಭವಾಗಿ ಸಿಗುತ್ತದೆ. ಮಾತಿಗೆ ಈ ವಿಧಾನ ಒಳ್ಳೆಯದು, ಕಂಪ್ಯೂಟರಿಗೂ ಹಗುರ. ಆದರೆ ಹಾಡು, ಪಿಟೀಲು, ತಂಬೂರಿ ಎಲ್ಲ ಕೂಡಿರುವ ರೆಕಾರ್ಡಿಂಗ್‌ನಲ್ಲಿ ಒಂದಕ್ಕೆ ಹೊಂದುವ ಜಾಗ ಇನ್ನೊಂದಕ್ಕೆ ಹೊಂದುವುದಿಲ್ಲ. ಆಗ ತಂಬೂರಿ ನಡುಗುತ್ತದೆ. ಸಮನಾಗಿ ಹರಿಯಬೇಕಾದ ನಾದದಲ್ಲಿ ಗರಗರ ಅಲೆ ಏಳುತ್ತದೆ.

ಎರಡನೇ ಬಗೆ ಫೇಸ್ ವೊಕೋಡರ್. ಬೆಲ್ ಲ್ಯಾಬ್ಸ್‌ನ ಫ್ಲಾನಗನ್ ಮತ್ತು ಗೋಲ್ಡನ್ 1966ರಲ್ಲಿ ಇದನ್ನು ವಿವರಿಸಿದರು. ಇದು ದನಿಯನ್ನು ಬೇರೆ ಬೇರೆ ಆವರ್ತನಗಳಾಗಿ (ಫ್ರೀಕ್ವೆನ್ಸಿಗಳಾಗಿ) ಬಿಡಿಸಿ, ಪ್ರತಿಯೊಂದನ್ನೂ ಬೇಕಾದಷ್ಟು ಹೊತ್ತು ನುಡಿಸಿ, ಮತ್ತೆ ಕೂಡಿಸುತ್ತದೆ. ಹಲವು ವಾದ್ಯಗಳಿದ್ದರೂ ಹೆದರುವುದಿಲ್ಲ. ಆದರೆ ಬಿಡಿಸಲು ಎಷ್ಟು ಉದ್ದದ ತುಣುಕು ತೆಗೆದುಕೊಳ್ಳಬೇಕು ಎಂಬಲ್ಲಿ ಒಂದು ಇಕ್ಕಟ್ಟು ಇದೆ. 44,100ರ ದನಿಯಲ್ಲಿ 2,048 ಅಂಕಿಗಳ ತುಣುಕು ಎಂದರೆ 46 ಮಿಲಿಸೆಕೆಂಡ್. ಅದರಲ್ಲಿ ಆವರ್ತನಗಳ ಗೆರೆಗಳು 21.5 ಹರ್ಟ್ಸ್‌ಗೆ ಒಂದರಂತೆ ಬೀಳುತ್ತವೆ. ಬಿಳಿ ಒಂದರ ತಂಬೂರಿಯಲ್ಲಿ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್, ಪಂಚಮ ಸುಮಾರು 98. ನಡುವೆ ಒಂದೂವರೆ ಗೆರೆಯಷ್ಟೇ ಅಂತರ, ಸ್ಪಷ್ಟವಾಗಿ ಬಿಡಿಸಲು ಸಾಲದು. ತುಣುಕನ್ನು 4,096ಕ್ಕೆ ಏರಿಸಿದರೆ ಗೆರೆಗಳು 10.8 ಹರ್ಟ್ಸ್‌ಗೆ ಒಂದಾಗುತ್ತವೆ, ತಂತಿಗಳು ಬೇರೆಯಾಗಿ ಕಾಣುತ್ತವೆ. ಆದರೆ ತುಣುಕು ಈಗ 93 ಮಿಲಿಸೆಕೆಂಡ್. ಕೆಲವೇ ಮಿಲಿಸೆಕೆಂಡುಗಳಲ್ಲಿ ಸಿಡಿಯುವ ಪೆಟ್ಟು ಅಷ್ಟು ಜಾಗದಲ್ಲೆಲ್ಲ ಹರಡಿಕೊಂಡು ಮೊನಚು ಕಳೆದುಕೊಳ್ಳುತ್ತದೆ. ಇದು ಗಣಿತದ ಮಿತಿ. ದುಡ್ಡು ಕೊಟ್ಟು ದುಬಾರಿ ಸಾಫ್ಟ್‌ವೇರ್ ಕೊಂಡರೂ ತಪ್ಪುವುದಿಲ್ಲ. ಎಲಾಸ್ಟೀಕ್, ರಬ್ಬರ್ ಬ್ಯಾಂಡ್‌ನಂಥ ಈಗಿನ ಎಂಜಿನ್‌ಗಳು ಪೆಟ್ಟುಗಳನ್ನು ಗುರುತಿಸಿ ಅವುಗಳ ಮೊನಚು ಕಾಪಾಡಲು ನೋಡುತ್ತವೆ, ನಡುವಿನ ನಾದವನ್ನು ಹೆಚ್ಚು ಎಳೆಯುತ್ತವೆ. ಮಿತಿಯನ್ನು ಹೀಗೆ ಜಾಣತನದಿಂದ ಬಳಸಿ ಹೋಗುತ್ತವೆ, ಆದರೆ ಎಲ್ಲಿ ಪೆಟ್ಟು ಇದೆ ಎಂಬುದು ಅವುಗಳಿಗೂ ಊಹೆಯೇ.

ಈಗ ದೋಷಗಳನ್ನು ಕೇಳಿ ನೋಡಿ. ಪೆಟ್ಟು ಎರಡು ಸಲ ಬಿದ್ದರೆ ಅದು ಮೊದಲ ಬಗೆಯ ಕೆಲಸ: ಗುಲಾಬಿ ಎರಡಾಗಿದೆ. ಏಬಲ್ಟನ್‌ನಲ್ಲಿ ‘ಬೀಟ್ಸ್’ ಮೋಡ್‌ಗೆ ಹೋಗಿ, ಅದು ಪೆಟ್ಟುಗಳ ಜಾಗದಲ್ಲೇ ಕತ್ತರಿಸುತ್ತದೆ. ಪೆಟ್ಟು ಮಂಕಾಗಿ, ಮಾತು ಬಚ್ಚಲಮನೆಯಿಂದ ಬಂದ ಹಾಗಿದ್ದರೆ ಅದು ಫೇಸ್ ವೊಕೋಡರ್‌ನ ಗುರುತು. ಬಿಡಿಸಿದ ಆವರ್ತನಗಳು ಮತ್ತೆ ಕೂಡುವಾಗ ಒಂದಕ್ಕೊಂದು ಹೆಜ್ಜೆ ತಪ್ಪಿವೆ. ಒಬ್ಬರದೇ ದನಿಯಾಗಿದ್ದರೆ ರೀಪರ್‌ನಲ್ಲಿ ಎಲಾಸ್ಟೀಕ್‌ನ ‘ಸೊಲೊಯಿಸ್ಟ್’ ಮೋಡ್ ಆರಿಸಿ, ಅದರಲ್ಲಿ ಮಾತಿಗೆಂದೇ ‘ಸ್ಪೀಚ್’ ಎಂಬ ಆಯ್ಕೆಯಿದೆ. ಆಡಾಸಿಟಿಯ ಚೇಂಜ್ ಟೆಂಪೊದಲ್ಲಿ ‘ಯೂಸ್ ಹೈ ಕ್ವಾಲಿಟಿ ಸ್ಟ್ರೆಚಿಂಗ್’ ಎಂಬ ಟಿಕ್ ಹಾಕಿದರೆ ಸೌಂಡ್‌ಟಚ್ ಬದಲು ಬೇರೆ ಎಂಜಿನ್ ಓಡುತ್ತದೆ. ಹೆಸರು ನೋಡಿ ಎಲ್ಲದಕ್ಕೂ ಟಿಕ್ ಹಾಕಬೇಡಿ. ಎಳೆದ ಸ್ವರಗಳಿಗೆ ಅದು ಒಳ್ಳೆಯದು, ತಾಳವಾದ್ಯಕ್ಕೆ ಟಿಕ್ ತೆಗೆದೂ ಒಮ್ಮೆ ಕೇಳಿ.

ಗುಳುಗುಳು, ಲೋಹದ ಸದ್ದು ಬಂದರೆ ಹಿನ್ನೆಲೆಯ ಗದ್ದಲದ ಕಡೆ ನೋಡಿ. ಫ್ಯಾನಿನ ಸದ್ದಿಗೆ ಶ್ರುತಿಯಿಲ್ಲ. ಆದರೆ ಎಳೆದಾಗ ಅದರಲ್ಲಿ ಇಲ್ಲದ ಸ್ವರಗಳು ಹುಟ್ಟಿಕೊಳ್ಳುತ್ತವೆ. ಕಡಿಮೆ ಬಿಟ್‌ರೇಟ್‌ನ ಎಂಪಿ3 ಕೂಡ ಇದನ್ನೇ ಮಾಡುತ್ತದೆ. ಎಂಪಿ3 ಮರೆಮಾಚಿಟ್ಟ ದೋಷಗಳನ್ನು ಸ್ಟ್ರೆಚ್ ಹೊರಗೆ ಎಳೆದು ತೋರಿಸುತ್ತದೆ. ವೇವ್ ಫೈಲು ಸಿಗುವುದಾದರೆ ಅದನ್ನೇ ಕೇಳಿ ತರಿಸಿಕೊಳ್ಳಿ. ರಿವರ್ಬ್ ಹಾಕುವುದಿದ್ದರೆ ಎಳೆದಾದ ಮೇಲೆ ಹಾಕಿ, ಇಲ್ಲದಿದ್ದರೆ ಆ ಪ್ರತಿಧ್ವನಿಯೂ ಉದ್ದವಾಗುತ್ತದೆ.

ಮಾತಿನ ಕೆಲಸಕ್ಕೆ

ನಾವು ನಿಧಾನವಾಗಿ ಮಾತಾಡುವಾಗ ಎಲ್ಲವನ್ನೂ ಒಂದೇ ಸಮ ಎಳೆಯುವುದಿಲ್ಲ. ಅ, ಆ, ಇಗಳಂಥ ಸ್ವರಾಕ್ಷರಗಳು ಹಿಗ್ಗುತ್ತವೆ, ನಡುವಿನ ಬಿಡುವು ಇನ್ನೂ ಹಿಗ್ಗುತ್ತದೆ. ಕ, ತ, ಪಗಳ ಸಿಡಿತ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಸಾಫ್ಟ್‌ವೇರ್ ಎಲ್ಲವನ್ನೂ ಒಂದೇ ಅಳತೆಯಲ್ಲಿ ಎಳೆದಾಗ ‘ಕಪ್ಪು ಹಕ್ಕಿ’ಯಂಥ ಮಾತುಗಳಲ್ಲಿ ಒತ್ತಕ್ಷರ ಮೆತ್ತಗಾಗಿ, ಕುಡಿದು ಮಾತಾಡಿದಂತೆ ಕೇಳುತ್ತದೆ. ನನ್ನ ಪ್ರಕಾರ ಮಾತಿನಲ್ಲಿ ಹತ್ತು ಶೇಕಡದ ಒಳಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಇಪ್ಪತ್ತು ದಾಟಿದರೆ ಕಿವಿ ಹಿಡಿದುಬಿಡುತ್ತದೆ. 70 ಸೆಕೆಂಡಿನ ವಾಯ್ಸ್ ಓವರ್ 60ಕ್ಕೆ ಇಳಿಯಬೇಕಿದ್ದರೆ ನೇರವಾಗಿ ಸ್ಟ್ರೆಚ್‌ಗೆ ಕೈ ಹಾಕಬೇಡಿ. ಮೊದಲು ಉಸಿರು, ಬಿಡುವುಗಳನ್ನು ಕತ್ತರಿಸಿ. ಆಡಾಸಿಟಿಯ ‘ಟ್ರಂಕೇಟ್ ಸೈಲೆನ್ಸ್’ ಇದನ್ನು ಒಟ್ಟಿಗೇ ಮಾಡುತ್ತದೆ. ಎಷ್ಟೋ ಸಲ ಅರ್ಧಕ್ಕಿಂತ ಹೆಚ್ಚು ಕೆಲಸ ಅಲ್ಲೇ ಮುಗಿಯುತ್ತದೆ, ಉಳಿದ ಚೂರಿಗೆ ಮಾತ್ರ ಸ್ಟ್ರೆಚ್ ಸಾಕು.

ಶ್ರುತಿ ಬದಲಿಸುವವರಿಗೂ ಒಂದು ಮಾತು. ಬಿಳಿ ಐದರ ಪಕ್ಕವಾದ್ಯವನ್ನು ಕಪ್ಪು ನಾಲ್ಕಕ್ಕೆ ಏರಿಸುವ ಚೇಂಜ್ ಪಿಚ್ ಒಳಗೊಳಗೇ ಟೈಮ್ ಸ್ಟ್ರೆಚ್ಚೇ. ಮೊದಲು ಎಳೆದು, ಆಮೇಲೆ ಕ್ಯಾಸೆಟ್ಟಿನಂತೆ ಬೇಗ ಓಡಿಸಿ ಉದ್ದವನ್ನು ಸರಿದೂಗಿಸುವ ಲೆಕ್ಕ. ಆದ್ದರಿಂದ ಮೇಲಿನ ದೋಷಗಳೆಲ್ಲ ಇಲ್ಲೂ ಬರುತ್ತವೆ. ಹಾಡಿನ ದನಿ ಮಗುವಿನಂತಾದರೆ ‘ಫಾರ್ಮಂಟ್’ ಎಂಬ ಆಯ್ಕೆ ಹುಡುಕಿ. ಗಂಟಲು, ಬಾಯಿಯ ಆಕಾರದಿಂದ ಬರುವ ಗುಣ ಅದು. ಅದನ್ನು ಹಿಡಿದಿಟ್ಟು ಶ್ರುತಿಯನ್ನಷ್ಟೇ ಸರಿಸಬೇಕು.

ಹಲವು ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದರೆ ಒಂದೊಂದು ಟ್ರ್ಯಾಕನ್ನು ಬೇರೆ ಬೇರೆಯಾಗಿ ಎಳೆಯಬೇಡಿ. ಮೃದಂಗದ ಎಡಕ್ಕೂ ಬಲಕ್ಕೂ ಒಂದೊಂದು ಮೈಕ್ ಇದ್ದರೆ, ಎರಡು ಕಡೆಯೂ ಹೊಲಿಗೆ ಬೇರೆ ಬೇರೆ ಜಾಗದಲ್ಲಿ ಬಿದ್ದು, ಸೇರಿಸಿ ಕೇಳಿದಾಗ ದನಿ ಟೊಳ್ಳಾಗುತ್ತದೆ. ಅವೆರಡನ್ನೂ ಒಂದು ಸ್ಟೀರಿಯೊ ಟ್ರ್ಯಾಕ್ ಮಾಡಿ ಒಟ್ಟಿಗೆ ಎಳೆಯಿರಿ. ಎಳೆದ ಮೇಲೆ ಮೀಟರ್ ಕೆಂಪಾದರೂ ಗಾಬರಿ ಬೇಡ. ಅಲೆಗಳ ಜೋಡಣೆ ಬದಲಾದಾಗ ಶಿಖರಗಳು ಮೊದಲಿಗಿಂತ ಎತ್ತರಕ್ಕೆ ಹೋಗಬಹುದು. ಎಳೆಯುವ ಮೊದಲೇ 3ರಿಂದ 6 ಡೆಸಿಬೆಲ್ ಇಳಿಸಿಕೊಂಡರೆ ಆಯಿತು.

ವಿಡಿಯೊಗೆ ದನಿ ಹೊಂದದಿದ್ದಾಗಲೂ ಜನ ಮೊದಲು ಸ್ಟ್ರೆಚ್ ಕಡೆಗೇ ಓಡುತ್ತಾರೆ. ಶುರುವಿನಲ್ಲೂ ಕೊನೆಯಲ್ಲೂ ಒಂದೇ ಅಂತರ ಇದ್ದರೆ ದನಿಯನ್ನು ಸುಮ್ನೆ ಸರಿಸಿದರೆ ಸಾಕು. ಅಂತರ ಬೆಳೆಯುತ್ತಾ ಹೋದರೆ ಕ್ಯಾಮೆರಾದ ಗಡಿಯಾರಕ್ಕೂ ರೆಕಾರ್ಡರ್‌ನ ಗಡಿಯಾರಕ್ಕೂ ಚೂರು ವ್ಯತ್ಯಾಸ ಇದೆ ಎಂದರ್ಥ. 10 ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೆ ಗಂಟೆಗೆ 0.18 ಸೆಕೆಂಡ್. ಎಂಟು ಗಂಟೆಯ ಯಕ್ಷಗಾನವಾದರೆ ಬೆಳಗಿನ ಹೊತ್ತಿಗೆ ಒಂದೂವರೆ ಸೆಕೆಂಡಿನ ಹತ್ತಿರ. ಇಷ್ಟು ಸಣ್ಣ ತಿದ್ದುಪಡಿಗೆ ಚೇಂಜ್ ಸ್ಪೀಡ್ ಆ್ಯಂಡ್ ಪಿಚ್ಚೇ ಸರಿಯಾದ ಸಾಧನ. ಶ್ರುತಿ 0.005% ಸರಿದರೆ ಯಾವ ಕಿವಿಗೂ ಗೊತ್ತಾಗುವುದಿಲ್ಲ, ತುಣುಕು ಹೊಲಿಗೆಯ ಗೋಜೇ ಇರುವುದಿಲ್ಲ. ಅಂತರ ಒಮ್ಮೆ ಹೆಚ್ಚಾಗಿ, ಒಮ್ಮೆ ಕಡಿಮೆಯಾಗುತ್ತಿದ್ದರೆ ದೋಷ ದನಿಯದ್ದಲ್ಲ. ಫೋನಿನ ವಿಡಿಯೊದಲ್ಲಿ ಫ್ರೇಮ್‌ರೇಟ್ ಏರಿಳಿಯುತ್ತದೆ, ಹ್ಯಾಂಡ್‌ಬ್ರೇಕ್‌ನಂಥ ಸಾಧನದಲ್ಲಿ ಅದನ್ನು ಸ್ಥಿರ ಫ್ರೇಮ್‌ರೇಟ್‌ಗೆ ಬದಲಿಸಿಕೊಂಡು ಆಮೇಲೆ ಎಡಿಟ್‌ಗೆ ಕೂರಿ.

ಕೊನೆಗೆ, ಆಡಾಸಿಟಿಯಲ್ಲಿ ಪಾಲ್‌ಸ್ಟ್ರೆಚ್ ಎಂಬುದೂ ಇದೆ. ಹೆಸರು ನೋಡಿ ಅಭ್ಯಾಸದ ಹಾಡನ್ನು ಅದಕ್ಕೆ ಕೊಟ್ಟವರಿಗೆ ತಾಳವೇ ಕಾಣೆಯಾಗಿ ಮಂಜಿನಂಥ ಸದ್ದು ಮಾತ್ರ ಸಿಗುತ್ತದೆ. ಅದು ಕೆಟ್ಟಿಲ್ಲ, ಅದರ ಕೆಲಸವೇ ಹಾಗೆ. ಹತ್ತು, ನೂರು ಪಟ್ಟು ಎಳೆಯಲೆಂದು ಅದು ಆವರ್ತನಗಳ ಹೆಜ್ಜೆಯನ್ನು ಬೇಕೆಂದೇ ಕದಡುತ್ತದೆ. ನಾಟಕಕ್ಕೋ ಕಿರುಚಿತ್ರಕ್ಕೋ ಹಿನ್ನೆಲೆ ಸದ್ದು ಬೇಕಾದಾಗ ಐದು ಸೆಕೆಂಡಿನ ತಂಬೂರಿಯನ್ನು ಅದಕ್ಕೆ ಕೊಟ್ಟು ನೋಡಿ.